ಡೋಣಿ ಸೀಮೆಯ ಗರಡಿ: ಭಾರ, ಉಸಿರು ಮತ್ತು ಚೇತರಿಕೆಯ ಚರಿತ್ರೆ

ವಿಜಯಪುರ ಜಿಲ್ಲೆಯ ಪೂರ್ವದ ಬಯಲು, ಅಂದರೆ ಡೋಣಿ ನದಿಯ ಎರೆಭೂಮಿಯನ್ನು ಒಡಲಲ್ಲಿಟ್ಟುಕೊಂಡು ದೇವರ ಹಿಪ್ಪರಗಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳನ್ನು ಬಳಸಿ ಭೀಮಾತೀರದ ಇಂಡಿಯವರೆಗೆ ಹರಡಿರುವ ಸೀಮೆ, ಬಿಳಿಜೋಳ ಮತ್ತು ಬರ ಇವೆರಡಕ್ಕೂ ಹೆಸರಾದದ್ದು. ಮಳೆಯನ್ನು ನಂಬಿದ ಈ ಒಕ್ಕಲುತನದಲ್ಲಿ ಎತ್ತಿನ ಬಲ ಮತ್ತು ಮನುಷ್ಯನ ರಟ್ಟೆಯ ಬಲ ಎರಡೇ ಬಹುಕಾಲ ದುಡಿಮೆಯ ಬಂಡವಾಳವಾಗಿದ್ದುದರಿಂದ, ಬಲವನ್ನು ಬೆಳೆಸುವ, ಕಾಯುವ ಮತ್ತು ಜನರ ಮುಂದೆ ಮೆರೆಸುವ ಪದ್ಧತಿಗಳು ಇಲ್ಲಿನ ಊರಬದುಕಿನೊಳಗೆ ಆಳವಾಗಿ ಬೇರೂರಿದವು. ಜಾತ್ರೆ ಎಂದರೆ ತೇರು ಮತ್ತು ದನಗಳ ಸಂತೆಯ ಜೊತೆಗೆ ಜಂಗೀ ಕುಸ್ತಿ ಹಾಗೂ ಭಾರ ಎತ್ತುವ ಪಂದ್ಯ ಎಂಬ ನಂಟು ಇಂದಿಗೂ ಕಡಿದಿಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿಯೂ, ಅದಕ್ಕಿಂತ ಚಿಕ್ಕವಾದ ಅನೇಕ ಊರಜಾತ್ರೆಗಳಲ್ಲಿಯೂ ಜೋಳದ ಚೀಲ, ಉಸುಕಿನ ಚೀಲ, ಗುಂಡುಕಲ್ಲು, ಸಂಗ್ರಾಣಿ ಕಲ್ಲುಗಳನ್ನು ಎತ್ತುವವರ ಸುತ್ತ ಜನ ನೆರೆಯುತ್ತಾರೆ. ಈ ಪರಂಪರೆಯನ್ನು ಕುರಿತ ಬರಹಗಳೂ ಊರಿನ ನೆನಪುಗಳೂ ಸಾಮಾನ್ಯವಾಗಿ ಯಾರು ಎಷ್ಟು ಭಾರ ಎತ್ತಿದರೆಂಬುದನ್ನು ಎಣಿಸುತ್ತವೆಯೇ ಹೊರತು, ಎತ್ತಿದ ಮೈ ಮರುದಿನ, ಮರುವಾರ ಹೇಗೆ ಚೇತರಿಸಿಕೊಂಡಿತು, ಆ ಚೇತರಿಕೆಗೆ ಬೇಕಾದ ಅನ್ನವನ್ನೂ ಬಿಡುವನ್ನೂ ಯಾರು ಕೊಟ್ಟರು ಎಂಬುದನ್ನು ವಿಚಾರಿಸುವುದಿಲ್ಲ. ಹರಿದ ಸ್ನಾಯು ಮತ್ತೆ ಕೂಡಿಕೊಳ್ಳುವ ಬಗೆಯನ್ನೂ, ಆ ಕೆಲಸದಲ್ಲಿ ಆಮ್ಲಜನಕದ ಕೊರತೆ ವಹಿಸುವ ಇಬ್ಬಗೆಯ ಪಾತ್ರವನ್ನೂ ಕಳೆದ ಅರವತ್ತು ವರ್ಷಗಳ ಜೀವವಿಜ್ಞಾನ ಬಿಡಿಸಿ ತೋರಿಸಿರುವುದರಿಂದ, ಗರಡಿಯ ಚರಿತ್ರೆಯನ್ನು ಭಾರದ ಕಡೆಯಿಂದಲ್ಲದೆ ಚೇತರಿಕೆಯ ಕಡೆಯಿಂದ ಓದುವುದು ಈಗ ಸಾಧ್ಯವಾಗಿದೆ.

ಇತ್ತೀಚಿನವರೆಗೆ ಸಿಂದಗಿ ತಾಲ್ಲೂಕಿಗೆ ಸೇರಿದ್ದು ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯ ಮಟ್ಟಿಗೆ ಈ ಕಥನ ಹನ್ನೆರಡನೆಯ ಶತಮಾನದಿಂದ ತೊಡಗುತ್ತದೆ. ಬಟ್ಟೆ ಒಗೆಯುವ ಕಾಯಕದ ಶರಣ ಮಡಿವಾಳ ಮಾಚಿದೇವರ ಊರು ಇದು, ಮತ್ತು ಅವರ ವಚನಗಳ ಅಂಕಿತವಾದ ಕಲಿದೇವರದೇವ ಇದೇ ಊರಿನ ದೈವ. ನೀರುಂಡ ಬಟ್ಟೆಯನ್ನು ತಲೆಯ ಮೇಲಕ್ಕೆ ಬೀಸಿ ಕಲ್ಲಿಗೆ ಬಡಿಯುವ, ಹಿಂಡುವ, ಗಂಟು ಹೊತ್ತು ನಡೆಯುವ ದುಡಿಮೆಯಲ್ಲಿ ಹೆಗಲು, ಬೆನ್ನು, ಮುಂಗೈಗಳ ಸ್ನಾಯುಗಳು ದಿನವೂ ಸವೆದು ದಿನವೂ ಕೂಡಿಕೊಳ್ಳಬೇಕಾಗುತ್ತದೆ. ಶರಣರು ಕಾಯಕಕ್ಕೆ ಕೊಟ್ಟ ಘನತೆಯು ಇಂತಹ ದೇಹಶ್ರಮವನ್ನು ಮೊದಲ ಬಾರಿಗೆ ಧರ್ಮದ ನಡುಮನೆಗೆ ತಂದಿತೆಂಬುದನ್ನು ದೇಹದ ಚರಿತ್ರೆಯನ್ನು ಬರೆಯುವವರು ಮರೆಯಬಾರದು. ಆದರೆ ಅದೇ ಶತಮಾನದಲ್ಲಿ, ಶರಣರು ನೆರೆದ ಅದೇ ಕಲ್ಯಾಣದಲ್ಲಿ, ಶರಣರ ಕ್ರಾಂತಿಗೆ ಕೆಲವು ದಶಕಗಳ ಮೊದಲು, ದೇಹಬಲಕ್ಕೆ ಇನ್ನೊಂದು ಬಗೆಯ ಮನ್ನಣೆಯೂ ಇತ್ತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಬೃಹತ್ ಗ್ರಂಥವು ತನ್ನ ವಿನೋದಗಳ ಭಾಗದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ.

ಈ ಅಧ್ಯಾಯ ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳಾಗಿ ವಿಂಗಡಿಸುತ್ತದೆ ಮತ್ತು ಅವರ ಸಾಧನೆಯನ್ನು ಐದು ಬಗೆಯ ಶ್ರಮಗಳಾಗಿ ಹೆಸರಿಸುತ್ತದೆ: ಭಾರವನ್ನು ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಜೊತೆಗಾರನೊಡನೆ ತೋಳಿಗೆ ತೋಳು ಕೊಟ್ಟು ಮಾಡುವ ಬಾಹುಪೆಲ್ಲಣಕಶ್ರಮ, ಮತ್ತು ಮುಂದೆ ಮಲ್ಲಕಂಬವೆಂದು ಪ್ರಸಿದ್ಧವಾದ ಕಸರತ್ತಿನ ಪೂರ್ವರೂಪವಾದ ಸ್ತಂಭಶ್ರಮ. ಈ ವಿಂಗಡಣೆಯಲ್ಲಿ ಗಮನಿಸಬೇಕಾದದ್ದು ಅದರ ವೈವಿಧ್ಯ. ಭಾರವೆತ್ತುವುದರಲ್ಲಿ ಉಸಿರು ಬಿಗಿಹಿಡಿದು ಕೆಲವೇ ಕ್ಷಣ ಪೂರ್ಣಬಲವನ್ನು ಹಾಕಬೇಕಾಗುತ್ತದೆ. ನಡಿಗೆ ಮತ್ತು ಈಜಿನಲ್ಲಿ ಹೃದಯ, ಶ್ವಾಸಕೋಶಗಳು ಬಹಳ ಹೊತ್ತು ಸಮನಾಗಿ ದುಡಿದು ಸ್ನಾಯುಗಳಿಗೆ ರಕ್ತವನ್ನು ಮುಟ್ಟಿಸುತ್ತಲೇ ಇರಬೇಕಾಗುತ್ತದೆ. ಬಲ ಮತ್ತು ಉಸಿರು ಬೇರೆ ಬೇರೆ ಸಾಧನೆಗಳೆಂದೂ, ಒಬ್ಬನೇ ಮಲ್ಲನಿಗೆ ಎರಡೂ ಬೇಕೆಂದೂ ಕಂಡುಕೊಂಡಿದ್ದ ವಸ್ತಾದರ, ಅಂದರೆ ಗರಡಿಯ ಗುರುಗಳ, ಅನುಭವ ಈ ಪಟ್ಟಿಯ ಹಿಂದೆ ಇದೆ. ಮಲ್ಲರ ಆಹಾರವನ್ನೂ ನಿತ್ಯಕ್ರಮವನ್ನೂ ಅರಸನೇ ನೋಡಿಕೊಳ್ಳಬೇಕೆಂಬ ವಿಧಿಯಂತೂ ಈ ಲೇಖನದ ದೃಷ್ಟಿಗೆ ಇನ್ನೂ ಮುಖ್ಯವಾದದ್ದು, ಏಕೆಂದರೆ ಅರಮನೆಯ ಮಲ್ಲನಿಗೆ ದಣಿವಾರಿಸಿಕೊಳ್ಳುವ ಹಕ್ಕು ಅವನ ವೃತ್ತಿಯೊಳಗೇ ಅಡಕವಾಗಿತ್ತು. ಹಳ್ಳದ ದಡದಲ್ಲಿ ಬಟ್ಟೆ ಒಗೆಯುವ ಮಡಿವಾಳನಿಗೆ ಅದು ಇರಲಿಲ್ಲ.

ವಿಜಯನಗರದ ಕಾಲಕ್ಕೆ ಬರುವಾಗ ಮಲ್ಲಯುದ್ಧ ಮಹಾನವಮಿಯ ಉತ್ಸವದ ಅಂಗವಾಗಿತ್ತು; ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಜಟ್ಟಿಗಳ ಜೋಡಿಗಳಿವೆ, ಮತ್ತು 1520ರ ಆಸುಪಾಸಿನಲ್ಲಿ ಅಲ್ಲಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಲ್ಲು ಮುರಿದು, ಮುಖ ಜಜ್ಜಿ, ಗೆಳೆಯರ ಹೆಗಲ ಮೇಲೆ ಕಣದಿಂದ ಹೊರಗೆ ಹೋಗುತ್ತಿದ್ದ ಮಲ್ಲರನ್ನು ಕಂಡು ಬರೆದಿದ್ದಾನೆ. ಗಾಯ ಇಷ್ಟು ಸಾಮಾನ್ಯವಾಗಿದ್ದ ಕಡೆ ಗಾಯ ಮಾಯಿಸುವ ವಿದ್ಯೆಯೂ ಬೆಳೆಯುತ್ತದೆ. ಮೈಸೂರು ಸೀಮೆಯ ಜಟ್ಟಿಗಳು ಕೀಲು ತಪ್ಪಿದ್ದನ್ನು ಕೂಡಿಸುವುದರಲ್ಲಿ ನುರಿತವರೆಂದು ಹೆಸರಾದದ್ದು ಹೀಗೆಯೇ. ವಿಜಯಪುರದ ಸೀಮೆಯಲ್ಲಿ ಆದಿಲಶಾಹಿಗಳ ಆಳ್ವಿಕೆ ಸುಮಾರು ಇನ್ನೂರು ವರ್ಷ, 1686ರಲ್ಲಿ ಔರಂಗಜೇಬನು ಕೋಟೆಯನ್ನು ಗೆಲ್ಲುವವರೆಗೆ ನಡೆಯಿತು. ಆ ಕಾಲದ ಪಾರಸಿ ಸಂಪರ್ಕದಿಂದ ಬಂದ ತಾಲೀಮು, ವಸ್ತಾದ, ಪೈಲ್ವಾನ, ಖುರಾಕು ಎಂಬ ಮಾತುಗಳು ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಇಂದಿಗೂ ಮನೆಮಾತುಗಳು. ಆಂಜನೇಯನ ಮೂರ್ತಿಗೆ ಕೈಮುಗಿದು ಮಣ್ಣಿಗಿಳಿಯುವ ತಾಲೀಮಿನಲ್ಲಿ ಹಿಂದೂ, ಮುಸಲ್ಮಾನ ಹುಡುಗರು ಒಬ್ಬನೇ ವಸ್ತಾದನ ಕೈಕೆಳಗೆ ಪಳಗಿದ್ದು ಈ ಭಾಗದ ಸಾಮಾಜಿಕ ಚರಿತ್ರೆಯ ಬೆಲೆಯುಳ್ಳ ಪುಟ.

ಗರಡಿಯ ನೆಲ ಈ ಸೀಮೆಯ ಸ್ವಂತ ನೆಲವಲ್ಲ. ಎರೆಮಣ್ಣು ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ, ನೆನೆದರೆ ಅಂಟಾಗುತ್ತದೆ. ಆದ್ದರಿಂದ ಕುಸ್ತಿಯ ಕಣಕ್ಕೆ ಕೆಮ್ಮಣ್ಣನ್ನು ತಂದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ ಮುಂತಾದುವನ್ನು ಬೆರೆಸಿ, ದಿನವೂ ಗುದ್ದಲಿಯಿಂದ ಅಗೆದು ಹದ ಮಾಡುತ್ತಿದ್ದರು. ಈ ಅಗೆತವೇ ಸಾಮಿನ ಮೊದಲ ಪಾಠವಾಗಿದ್ದು, ಮೈ ಬಿಸಿಯಾದ ಮೇಲಷ್ಟೇ ದಂಡ, ಬೈಠಕ್, ಕರೇಲ ತಿರುಗಿಸುವುದು, ಗದೆ, ಗುಂಡುಕಲ್ಲು, ಕಡೆಗೆ ಜೊತೆಗಾರನೊಡನೆ ಜೋರು ಎಂಬ ಕ್ರಮ ಇರುತ್ತಿತ್ತು. ಸಾಮು ಮುಗಿದ ಮೇಲೆ ಮಣ್ಣಿನಲ್ಲಿ ಮೈಚಾಚಿ ಬೆವರಾರಿಸಿಕೊಳ್ಳುವುದು, ಕಿರಿಯರು ಹಿರಿಯರಿಗೆ ಮಾಲೀಸು ಮಾಡುವುದು, ಹಾಲು, ತುಪ್ಪ, ಬದಾಮಿಯ ಖುರಾಕು, ಬೇಗ ಮಲಗಿ ಬೆಳಗಿನ ಜಾವ ಏಳುವುದು, ಬೀಡಿ, ತಂಬಾಕು, ಸೆರೆಗಳ ನಿಷೇಧ ಇವೆಲ್ಲ ತಾಲೀಮಿನ ಕಟ್ಟಳೆಗಳು. ಹೊಸದಾಗಿ ಸೇರಿದ ಹುಡುಗನಿಗೆ ತಿಂಗಳುಗಟ್ಟಲೆ ಕಲ್ಲನ್ನು ಮುಟ್ಟಗೊಡದೆ ಬರೀ ದಂಡ, ಬೈಠಕ್ ಮಾಡಿಸುವ ವಸ್ತಾದನ ಹಟದ ಹಿಂದೆ ದೇಹವನ್ನು ಕುರಿತ ಒಂದು ತಿಳಿವಳಿಕೆ ಇತ್ತು, ಅದಕ್ಕೆ ಸಿದ್ಧಾಂತದ ಮಾತುಗಳಿರಲಿಲ್ಲ ಅಷ್ಟೆ.

ಆ ತಿಳಿವಳಿಕೆಯ ತಿರುಳನ್ನು ಕಾಣಲು ಕಲ್ಲು ಎತ್ತುವವನ ತೊಡೆಯೊಳಗೆ ಏನಾಗುತ್ತದೆಂದು ನೋಡಬೇಕು. ಈ ಸೀಮೆಯ ಕಲ್ಲು ದಖನ್ನಿನ ಲಾವಾ ಹೆಪ್ಪುಗಟ್ಟಿ ಆದ ಕರಿಯ ಬಸಾಲ್ಟ್ ಶಿಲೆ; ಒಂದು ಘನ ಮೀಟರಿನಷ್ಟು ಬಸಾಲ್ಟ್ ಸುಮಾರು 2900 ಕಿಲೋ ತೂಗುವುದರಿಂದ, 40 ಸೆಂಟಿಮೀಟರ್ ಅಡ್ಡಳತೆಯ ಗುಂಡುಕಲ್ಲೊಂದು ಹತ್ತಿರ ಹತ್ತಿರ ಒಂದು ಕ್ವಿಂಟಲ್ ಭಾರವಿರುತ್ತದೆ. ಹಿಡಿಗೆ ಸಿಕ್ಕದ ಈ ಗುಂಡನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸುವಾಗ ಸ್ನಾಯುಗಳು ಬಿಗಿದುಕೊಂಡು ತಮ್ಮೊಳಗೆ ಹಾದುಹೋಗುವ ರಕ್ತನಾಳಗಳನ್ನೇ ಅದುಮಿಬಿಡುತ್ತವೆ, ಆದ್ದರಿಂದ ಆಮ್ಲಜನಕ ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಅದರ ಪೂರೈಕೆ ನಿಂತುಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದ ಬಯಲಿನಲ್ಲಿ ಗಾಳಿಗೇನೂ ಕೊರತೆಯಿಲ್ಲ. ಕೊರತೆ ಹುಟ್ಟುವುದು ದುಡಿಯುವ ಸ್ನಾಯುವಿನ ಒಳಗೇ. ಹೀಗೆ ಆಮ್ಲಜನಕ ಸಾಲದಾದಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ, ಆಮ್ಲಜನಕ ಮರಳಿ ಸಿಕ್ಕಾಗ ಕರಗುತ್ತದೆ ಎಂಬುದನ್ನು ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ 1907ರಲ್ಲಿ ಕಪ್ಪೆಯ ಸ್ನಾಯುಗಳಲ್ಲಿ ತೋರಿಸಿದರು. ವಿಶ್ರಾಂತಿಯಲ್ಲಿ ಮುಚ್ಚಿಕೊಂಡಂತಿರುವ ಅನೇಕ ಲೋಮನಾಳಗಳು, ಅಂದರೆ ಕೂದಲಿಗಿಂತ ತೆಳುವಾದ ರಕ್ತನಾಳಗಳು, ದುಡಿಮೆಯ ಹೊತ್ತಿಗೆ ತೆರೆದುಕೊಳ್ಳುತ್ತವೆಂದು ನಿರೂಪಿಸಿದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1920ರ ನೊಬೆಲ್ ಪ್ರಶಸ್ತಿ ಪಡೆದನು. ಗರಡಿಯ ಮಾತಿನಲ್ಲಿ ಇದಕ್ಕೆಲ್ಲ ದಮ್ಮು ಎಂದು ಹೆಸರು. ಸಮಯದ ಮಿತಿಯಿಲ್ಲದೆ ಒಬ್ಬನು ಚಿತ್ತಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಯಲ್ಲಿ ಬಲಕ್ಕಿಂತ ಹೆಚ್ಚಾಗಿ ದಮ್ಮು ಗೆಲ್ಲುತ್ತದೆಂಬುದು ಈ ಭಾಗದ ಪ್ರೇಕ್ಷಕರಿಗೂ ಗೊತ್ತು. ಬೀಡಿಯನ್ನು ನಿಷೇಧಿಸಿದ ವಸ್ತಾದನ ಕಟ್ಟಳೆ ಇಲ್ಲಿ ತನ್ನ ಪೂರ್ಣ ಅರ್ಥವನ್ನು ಪಡೆಯುತ್ತದೆ: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಸೇದುವವನ ಸ್ನಾಯುಗಳಿಗೆ ಮುಟ್ಟುವ ಆಮ್ಲಜನಕ ಮೊದಲೇ ಕಡಿಮೆಯಾಗಿರುತ್ತದೆ.

ಆದರೆ ದಮ್ಮು ಕಥೆಯ ಅರ್ಧ ಮಾತ್ರ. ಕಲ್ಲನ್ನು ಎತ್ತುವಾಗಿಗಿಂತ ಹೆಚ್ಚಾಗಿ ಇಳಿಸುವಾಗ, ಎಂದರೆ ಸ್ನಾಯು ಬಿಗಿದಿರುವಾಗಲೇ ಹಿಗ್ಗಬೇಕಾಗಿ ಬಂದಾಗ, ಸ್ನಾಯುನಾರುಗಳಲ್ಲಿ ಸಣ್ಣ ಸಣ್ಣ ಹರಿತಗಳಾಗುತ್ತವೆ. ರೂಢಿಯಿಲ್ಲದ ದುಡಿಮೆ ಮಾಡಿದವರಿಗೆ ಮರುದಿನ, ಮೂರನೆಯ ದಿನ ಮೈಯೆಲ್ಲ ಹಿಡಿದುಕೊಳ್ಳುವುದು ಇದರಿಂದಲೇ. ಈ ಹರಿತವನ್ನು ಕೂಡಿಸುವವರು ಯಾರೆಂಬ ಪ್ರಶ್ನೆಗೆ ಉತ್ತರ ದೊರೆತದ್ದು 1961ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಾಂಡರ್ ಮಾರೋ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಪ್ರತಿ ಸ್ನಾಯುನಾರಿನ ಮೈಗೂ ಅದರ ಹೊರಪೊರೆಗೂ ನಡುವೆ ಅಂಟಿಕೊಂಡು ಕುಳಿತ, ಹೆಚ್ಚುಪಾಲು ಕೋಶಕೇಂದ್ರವೇ ಆಗಿದ್ದ ಪುಟ್ಟ ಕೋಶಗಳನ್ನು ಕಂಡು ಅವನ್ನು ಉಪಗ್ರಹ ಕೋಶಗಳೆಂದು ಕರೆದನು, ಮತ್ತು ಸ್ನಾಯುವಿನ ಮರುಹುಟ್ಟಿಗೆ ಇವೇ ಮೂಲವಿರಬಹುದೆಂದು ಆಗಲೇ ಊಹಿಸಿದನು. ಇವು ಸ್ನಾಯುವಿನ ಆಕರಕೋಶಗಳು. ಆಕರಕೋಶವೆಂದರೆ ತನ್ನಂತಹದೇ ಇನ್ನೊಂದು ಕೋಶವನ್ನು ಉಳಿಸಿಕೊಳ್ಳುತ್ತಲೇ ಬೇರೆ ರೂಪದ ಕೋಶಗಳನ್ನು ಹುಟ್ಟಿಸಬಲ್ಲ ಕೋಶ. ಬೆಳೆದ ಸ್ನಾಯುನಾರು ತಾನೇ ವಿಭಜನೆಗೊಳ್ಳಲಾರದು, ಆದ್ದರಿಂದ ದುರಸ್ತಿಯ ಭಾರವೆಲ್ಲ ಈ ಮೌನ ಕೋಶಗಳ ಮೇಲೆ ಬೀಳುತ್ತದೆ. ನಾರು ಹರಿದ ಕೆಲವೇ ಗಂಟೆಗಳಲ್ಲಿ ರಕ್ತದ ಬಿಳಿಯ ಕಣಗಳು ಅಲ್ಲಿಗೆ ಬಂದು ಸೇರುತ್ತವೆ, ಅವುಗಳ ಹಿಂದೆ ಬರುವ ಭಕ್ಷಕ ಕೋಶಗಳು ಸತ್ತ ಭಾಗವನ್ನು ನುಂಗಿ ಜಾಗ ತೆರವು ಮಾಡುತ್ತವೆ. ಒಂದು ದಿನದೊಳಗೆ ಎಚ್ಚೆತ್ತ ಉಪಗ್ರಹ ಕೋಶಗಳು ಮುಂದಿನ ಕೆಲವು ದಿನ ಇಮ್ಮಡಿಸುತ್ತ ಹೋಗಿ, ಇಲಿಗಳಲ್ಲಾದರೆ ಮೊದಲ ವಾರ ಮುಗಿಯುವ ಹೊತ್ತಿಗೆ ಒಂದಕ್ಕೊಂದು ಬೆಸೆದು ಹೊಸ ನಾರಾಗುತ್ತವೆ, ಇಲ್ಲವೇ ಹಳೆಯ ನಾರಿಗೆ ಸೇರಿಕೊಳ್ಳುತ್ತವೆ. ಕೆಲವು ಮಾತ್ರ ಬೆಸೆಯದೆ ಹಿಂದಕ್ಕೆ ಸರಿದು ಮುಂದಿನ ಗಾಯಕ್ಕಾಗಿ ಮತ್ತೆ ನಿದ್ರೆಗೆ ಹೋಗುತ್ತವೆ.

ಈ ಕೋಶಗಳ ಗುರುತಾಗಿರುವ ಪ್ಯಾಕ್ಸ್-7 ಎಂಬ ಪ್ರೋಟೀನನ್ನು ಆಧಾರವಾಗಿಟ್ಟುಕೊಂಡು, ಇಲಿಗಳಲ್ಲಿ ಉಪಗ್ರಹ ಕೋಶಗಳನ್ನು ಆರಿಸಿ ನಾಶಮಾಡಿದರೆ ಸ್ನಾಯುವಿನ ಮರುಹುಟ್ಟೇ ನಿಲ್ಲುತ್ತದೆಂದು 2011ರಲ್ಲಿ ಹಲವು ಪ್ರಯೋಗಶಾಲೆಗಳು ತೋರಿಸಿದವು. ಅವುಗಳಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಅಧ್ಯಯನದ ಮೊದಲ ಲೇಖಕರಾಗಿದ್ದ ರಾಮ್‌ಕುಮಾರ್ ಸಾಂಬಶಿವನ್ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಆಕರಕೋಶ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ಸ್ನಾಯುವಿನ ಆಕರಕೋಶಗಳು ನಿದ್ರೆಯಲ್ಲಿರುವಾಗಲೂ ಸುಮ್ಮನಿರದೆ ಆ ಸ್ಥಿತಿಯನ್ನು ಹೇಗೆ ಕಾಯ್ದುಕೊಳ್ಳುತ್ತವೆಂಬುದನ್ನು ದಶಕಗಳ ಕಾಲ ಅಭ್ಯಸಿಸಿರುವ ಜ್ಯೋತ್ಸ್ನಾ ಧವನ್ ಹೈದರಾಬಾದಿನ ಸಿಸಿಎಂಬಿ ಸಂಶೋಧನ ಕೇಂದ್ರ ಮತ್ತು ಇದೇ ಇನ್‌ಸ್ಟೆಮ್ ಎರಡರಲ್ಲಿಯೂ ದುಡಿದವರು. ಕುಸ್ತಿಯ ನಾಡಾದ ಕರ್ನಾಟಕದ ರಾಜಧಾನಿಯಲ್ಲಿಯೇ ಈ ವಿಜ್ಞಾನ ನಡೆದಿರುವುದು ಸಂತೋಷದ ಸಂಗತಿ.

ಆಮ್ಲಜನಕದ ಪಾತ್ರ ಈ ನಿದ್ರೆ, ಎಚ್ಚರಗಳ ನಡುವೆಯೇ ಬರುತ್ತದೆ. ಕೋಶವೊಂದು ತನ್ನ ಸುತ್ತ ಆಮ್ಲಜನಕ ಎಷ್ಟಿದೆಯೆಂದು ಹೇಗೆ ಅರಿಯುತ್ತದೆಂಬುದನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಹಿಫ್ ಎಂದು ಚುಟುಕಾಗಿ ಕರೆಯುವ ಪ್ರೋಟೀನೊಂದನ್ನು ಕೋಶ ಸದಾ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಗುರುತು ಹಾಕಿಸಿಕೊಂಡು ನಾಶವಾಗುತ್ತದೆ, ಆಮ್ಲಜನಕ ಕಡಿಮೆಯಾದರೆ ನಾಶವಾಗದೆ ಉಳಿದು ಕೋಶಕೇಂದ್ರವನ್ನು ಹೊಕ್ಕು, ಹೊಸ ರಕ್ತನಾಳಗಳನ್ನು ಚಿಗುರಿಸುವ, ಕೆಂಪುರಕ್ತಕಣಗಳನ್ನು ಹೆಚ್ಚಿಸುವ, ಆಮ್ಲಜನಕವಿಲ್ಲದೆಯೂ ಸಕ್ಕರೆಯಿಂದ ಶಕ್ತಿ ಪಡೆಯುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕವಿದ್ದರೂ ಸ್ನಾಯುವಿನ ಒಡಲನ್ನು ಮುಟ್ಟುವಾಗ ಅದು ಒಂದಂಕಿಯ ಶೇಕಡಾಮಾನಕ್ಕೆ ಇಳಿದಿರುತ್ತದೆ, ಆದ್ದರಿಂದ ಉಪಗ್ರಹ ಕೋಶಗಳ ಸಹಜ ನೆಲೆಯೇ ಅಲ್ಪ ಆಮ್ಲಜನಕದ್ದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕೋಶಗಳನ್ನು ಶೇ 1ರ ಆಮ್ಲಜನಕದಲ್ಲಿ ಬೆಳೆಸಿದಾಗ ಅವು ಬೆಸೆದು ನಾರಾಗುವುದಕ್ಕಿಂತ ಹೆಚ್ಚಾಗಿ ತಮ್ಮ ಆಕರಗುಣವನ್ನು ಉಳಿಸಿಕೊಂಡವು, ಮತ್ತು ಇಲಿಯ ಸ್ನಾಯುವಿಗೆ ನೆಟ್ಟಾಗ ಹೆಚ್ಚು ಚೆನ್ನಾಗಿ ಬೇರುಬಿಟ್ಟವು. ಇದರ ಮಗ್ಗುಲಲ್ಲಿಯೇ ನಿಲ್ಲುವ ಸಂಗತಿಯೆಂದರೆ, ಆಮ್ಲಜನಕದ ಕೊರತೆ ಬಿಡದೆ ಮುಂದುವರಿದರೆ ಬೆಸೆಯುವ ಕೆಲಸವನ್ನು ಮುನ್ನಡೆಸುವ ಮಯೋ-ಡಿ ಎಂಬ ಪ್ರೋಟೀನು ಕುಗ್ಗುತ್ತದೆ, ಕೋಶಗಳು ಎಚ್ಚೆತ್ತರೂ ನಾರಾಗದೆ ಉಳಿಯುತ್ತವೆ. ಹಿಫ್ ಕುಟುಂಬದ ಒಂದು ಪ್ರೋಟೀನನ್ನು ಗಾಯಗೊಂಡ ಇಲಿಗಳಲ್ಲಿ ಸ್ವಲ್ಪ ಕಾಲ ತಡೆಹಿಡಿದಾಗ ದುರಸ್ತಿ ಚುರುಕಾದದ್ದೂ, ಅದನ್ನು ಆಕರಕೋಶಗಳಿಂದ ತೆಗೆದುಹಾಕಿದಾಗ ಅವು ತಮ್ಮ ಸಂತತಿಯನ್ನು ಉಳಿಸಿಕೊಳ್ಳಲಾರದೆ ಹೋದದ್ದೂ ಒಂದೇ ಸತ್ಯದ ಎರಡು ಮುಖಗಳು. ಕೊರತೆ ಆಕರಕೋಶಗಳ ಗಂಟನ್ನು ಕಾಯುತ್ತದೆ, ಆದರೆ ಆ ಗಂಟನ್ನು ಬಿಚ್ಚಿ ಸ್ನಾಯು ಕಟ್ಟಬೇಕಾದರೆ ರಕ್ತವೂ ಆಮ್ಲಜನಕವೂ ಮರಳಿ ಬರಬೇಕು.

ಮನುಷ್ಯರ ವಿಷಯದಲ್ಲಿ ಇದಕ್ಕೆ ಎರಡು ತುದಿಗಳಿಂದ ಸಾಕ್ಷ್ಯವಿದೆ. 1985ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ಆರೋಗ್ಯವಂತರನ್ನು 40 ದಿನ ಕೊಠಡಿಯೊಂದರಲ್ಲಿರಿಸಿ ಗಾಳಿಯನ್ನು ಮೆಲ್ಲಗೆ ಎವರೆಸ್ಟ್ ಶಿಖರದ ಮಟ್ಟಕ್ಕೆ ತೆಳುವಾಗಿಸಿದಾಗ, ತಿನ್ನಲು ಬೇಕಾದಷ್ಟಿದ್ದರೂ ಅವರ ತೂಕ ಇಳಿದು ತೊಡೆಯ ಸ್ನಾಯುನಾರುಗಳು ತೆಳುವಾದವು; ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಿಂದ ನರಳುವವರ ಕೈಕಾಲು ಸೊರಗುವುದರಲ್ಲಿಯೂ ಆಮ್ಲಜನಕದ ಕೊರತೆಗೆ ಪಾಲಿದೆ. ಇನ್ನೊಂದು ತುದಿಯಲ್ಲಿ, ತೊಡೆಯ ಬುಡಕ್ಕೆ ಪಟ್ಟಿ ಬಿಗಿದು ರಕ್ತದ ಓಟವನ್ನು ಕೆಲವು ನಿಮಿಷ ಕುಗ್ಗಿಸಿ ಹಗುರವಾದ ಭಾರವೆತ್ತಿಸಿದರೂ ಕೆಲವೇ ವಾರಗಳಲ್ಲಿ ಸ್ನಾಯುವಿನ ಉಪಗ್ರಹ ಕೋಶಗಳು ಹೆಚ್ಚುತ್ತವೆಂದು ಡೆನ್ಮಾರ್ಕಿನ ಸಂಶೋಧಕರು 2012ರಲ್ಲಿ ವರದಿ ಮಾಡಿದರು, ಆ ಹೆಚ್ಚಳಕ್ಕೆ ಆಮ್ಲಜನಕದ ಕೊರತೆಯೊಂದೇ ಕಾರಣವೆಂದು ಹೇಳುವುದು ಸಾಧ್ಯವಿಲ್ಲದಿದ್ದರೂ. ಅಲ್ಪಾವಧಿಯ ಅಭಾವ ಕರೆಯಾಗಬಲ್ಲದು, ದೀರ್ಘ ಅಭಾವ ಮಾತ್ರ ನಷ್ಟವೇ. ಈ ಬೆಳಕಿನಲ್ಲಿ ತಾಲೀಮಿನ ದಿನಚರಿಯನ್ನು ನೋಡಿದರೆ, ಬಿಗಿತದ ಕೆಲವು ಕ್ಷಣಗಳು, ಅವುಗಳ ನಡುವೆ ಉಸಿರು ತೆಗೆದುಕೊಳ್ಳುವ ಬಿಡುವು, ಸಾಮಿನ ನಂತರದ ದೀರ್ಘ ವಿಶ್ರಾಂತಿ, ಹೊಟ್ಟೆತುಂಬ ಪ್ರೋಟೀನುಳ್ಳ ಖುರಾಕು, ನೊಂದವನನ್ನು ವಸ್ತಾದ ಜೋರಿನಿಂದ ಹಿಂದಕ್ಕೆ ಸರಿಸುವುದು ಇವೆಲ್ಲ ಉಪಗ್ರಹ ಕೋಶಗಳ ಕಾಲಮಾನಕ್ಕೆ ಹೊಂದಿಕೊಂಡಂತೆ ಕಾಣುತ್ತವೆ. ಹಾಗೆಂದು ಗರಡಿಯ ಎಲ್ಲ ನಂಬಿಕೆಗಳನ್ನೂ ವಿಜ್ಞಾನದ ಹೆಸರಿನಲ್ಲಿ ಎತ್ತಿಹಿಡಿಯುವುದು ತರವಲ್ಲ. ಮಾಲೀಸು ನೋವನ್ನು ಶಮನಗೊಳಿಸುವುದು ನಿಜವಾದರೂ ಅದು ಸ್ನಾಯುವಿಗೆ ರಕ್ತವನ್ನು ನುಗ್ಗಿಸುತ್ತದೆಂಬ ನಂಬಿಕೆಗೆ ಗಟ್ಟಿಯಾದ ಆಧಾರವಿಲ್ಲ. ನೋವು ಹೆಚ್ಚಾದಷ್ಟೂ ಮೈ ಬೆಳೆಯುತ್ತದೆಂಬ ಹಟ ಎಷ್ಟೋ ಹುಡುಗರ ಬೆನ್ನುಗಳನ್ನು ಕೆಡಿಸಬಲ್ಲದು.

ಚೇತರಿಕೆಗೆ ಬೇಕಾದ ಇನ್ನೊಂದು ಒದಗಣೆಯಾದ ಅನ್ನ ಕೈಕೊಟ್ಟಾಗ ಏನಾಗುತ್ತದೆಂಬುದನ್ನು ಈ ಸೀಮೆ 1876-78ರ ಮಹಾಕ್ಷಾಮದಲ್ಲಿ ಕಂಡಿತು. ಆಗ ಕಲಾದಗಿ ಜಿಲ್ಲೆ ಎಂದು ಕರೆಯಲಾಗುತ್ತಿದ್ದ ಈ ಪ್ರದೇಶ ಮುಂಬಯಿ ಪ್ರಾಂತದಲ್ಲಿ ಅತ್ಯಂತ ಹೆಚ್ಚು ನೊಂದವುಗಳಲ್ಲಿ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಕುಗ್ಗಿತು. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು ದುಡಿಯುವವರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಬೇಕೆಂದು 1877ರಲ್ಲಿ ಸರ್ಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಸೂಚಿಸಿದಾಗ, ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಬಲವಾಗಿ ವಿರೋಧಿಸಿದರು, ಮುಂಬಯಿ ಪ್ರಾಂತದ ಕೂಲಿಗಳು ಕಾಮಗಾರಿಗಳನ್ನು ಬಿಟ್ಟು ಹೊರನಡೆದರು, ಪುಣೆಯ ಸಾರ್ವಜನಿಕ ಸಭಾ ಎಂಬ ಸಂಸ್ಥೆ ಅವರ ಪರವಾಗಿ ನಿಂತಿತು. ಉಣಿಸಿಲ್ಲದ ದೇಹ ಬದುಕಿಕೊಳ್ಳಲು ತನ್ನ ಸ್ನಾಯುವಿನ ಪ್ರೋಟೀನನ್ನೇ ಕರಗಿಸಿಕೊಳ್ಳುತ್ತದೆ. ದುಡಿದು ಹರಿದ ನಾರನ್ನು ಕೂಡಿಸಲು ಆಗ ಸಾಮಗ್ರಿಯೇ ಉಳಿಯುವುದಿಲ್ಲ. ಸೋಮೇಶ್ವರನ ಮಲ್ಲನಿಗೆ ಸಿಕ್ಕ ಖುರಾಕು ಮತ್ತು ಕಾಮಗಾರಿಯ ಕೂಲಿಗೆ ಸಿಕ್ಕ ಪೌಂಡು ಧಾನ್ಯ, ಇವೆರಡರ ನಡುವಿನ ಅಂತರವೇ ಈ ಚರಿತ್ರೆಯ ನಿಜವಾದ ಅಳತೆಗೋಲು. ಗರಡಿಯ ಹೊರಗೇ ಉಳಿದ ಹೆಣ್ಣುಮಕ್ಕಳನ್ನೂ ಇಲ್ಲಿ ನೆನೆಯಬೇಕು. ಬೆಳಗಿನ ಜಾವ ಜೋಳ ಬೀಸಿ, ದೂರದ ಬಾವಿಯಿಂದ ಕೊಡ ಹೊತ್ತು, ಹೊಲದಲ್ಲಿ ಕಳೆ ತೆಗೆದು ಹತ್ತಿ ಬಿಡಿಸಿದ ಅವರ ಮೈ ಪೈಲ್ವಾನನ ಮೈಯಷ್ಟೇ ದಣಿದರೂ, ಮಾಲೀಸಾಗಲಿ ವಿಶ್ರಾಂತಿಯ ಕಟ್ಟಳೆಯಾಗಲಿ ಅವರ ಪಾಲಿಗೆ ಬರಲಿಲ್ಲ, ತಾಲೀಮಿನ ಹಾಲು ತುಪ್ಪದಲ್ಲಂತೂ ಅವರಿಗೆ ಪಾಲೇ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪೈಲ್ವಾನರಿಗೆ ಅನ್ನ, ಬಿಡುವುಗಳ ಒದಗಣೆಯ ಕೇಂದ್ರ ಕೊಲ್ಲಾಪುರವಾಗಿತ್ತು. 1922ರಲ್ಲಿ ತೀರಿಕೊಳ್ಳುವವರೆಗೆ ಆಳಿದ ಶಾಹು ಮಹಾರಾಜರು ತಾಲೀಮುಗಳಿಗೆ ಆಶ್ರಯ ಕೊಟ್ಟು, ಖಾಸಬಾಗ್ ಮೈದಾನವನ್ನು ಕಟ್ಟಿಸಿ, ಕುಸ್ತಿಯನ್ನು ಜಾತಿಯ ಗೋಡೆಗಳ ಆಚೆಗೆ ತಂದಾಗ, 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದ ವಿಜಯಪುರ, ಬೆಳಗಾವಿ, ಧಾರವಾಡಗಳ ಯುವಕರಿಗೂ ಅದು ಕನಸಿನ ಕಣವಾಯಿತು. ಊರುಗಳಲ್ಲಿ ಪೈಲ್ವಾನನ ಖುರಾಕನ್ನು ಗೌಡರು, ಉಳ್ಳ ಒಕ್ಕಲಿಗರು ಅಥವಾ ಊರವರು ಒಟ್ಟುಗೂಡಿ ನೋಡಿಕೊಳ್ಳುತ್ತಿದ್ದರು. ಎಮ್ಮೆಯ ಹಾಲು ಅವನಿಗೆ ಮೀಸಲಾಗಿರುತ್ತಿತ್ತು, ಗೆದ್ದು ತಂದ ಬೆಳ್ಳಿಯ ಕಡಗ ಊರಿನದಾಗಿರುತ್ತಿತ್ತು. ಟ್ರ್ಯಾಕ್ಟರ್, ನೀರಾವರಿ ಕಾಲುವೆ, ಪಟ್ಟಣದ ಕೆಲಸಗಳು ಬಂದಂತೆ ಈ ಹೊಣೆಗಾರಿಕೆ ಸಡಿಲವಾಯಿತು. ಕುಸ್ತಿ ಮಣ್ಣಿನಿಂದ ಮ್ಯಾಟಿಗೆ ಏರಿ, ಸರ್ಕಾರಿ ಕ್ರೀಡಾನಿಲಯಗಳಲ್ಲಿ ತರಬೇತುದಾರರ ಕೈಗೆ ಹೋಯಿತು. ವಿಜಯಪುರ ಜಿಲ್ಲೆ ಇಂದು ಉಸಿರಿನ ಬಲವನ್ನೇ ಹೆಚ್ಚಾಗಿ ನೆಚ್ಚಿದ ಸೈಕ್ಲಿಂಗ್ ಕ್ರೀಡೆಗೆ ಹೆಸರಾಗಿದೆ. ಊರ ತಾಲೀಮುಗಳು ಮಾತ್ರ ಅನೇಕ ಕಡೆ ಬೀಗ ಹಾಕಿಕೊಂಡಿವೆ.

ಉಳಿದುಕೊಂಡದ್ದು ಜಾತ್ರೆಯ ಪಂದ್ಯ, ಮತ್ತು ಅದು ಉಳಿದ ರೀತಿಯಲ್ಲಿಯೇ ಚಿಂತೆಗೆ ಕಾರಣವಿದೆ. ತಾಲೀಮು ವರ್ಷವಿಡೀ ನಡೆಸುತ್ತಿದ್ದ ಸಿದ್ಧತೆ, ವಿಶ್ರಾಂತಿ, ಆಹಾರಗಳ ಭಾಗ ಕಳಚಿಹೋಗಿ ಭಾರ ಎತ್ತುವ ಆ ಕೆಲವು ಕ್ಷಣಗಳು ಮಾತ್ರ ವೇದಿಕೆಯ ಮೇಲೆ ಉಳಿದಿವೆ, ಆದ್ದರಿಂದ ಜಾತ್ರೆಯ ದಿನ ಕಲ್ಲಿಗೆ ಕೈಹಾಕುವ ಹಲವರ ಸ್ನಾಯುಗಳು ಆ ಬಗೆಯ ಹರಿತಕ್ಕೂ ಆ ಬಗೆಯ ಉಸಿರುಗಟ್ಟುವಿಕೆಗೂ ಪಳಗಿದವಲ್ಲ. ರೂಢಿಯಿಲ್ಲದ ಮೈಗೆ ಒಮ್ಮೆಲೇ ಬೀಳುವ ಅತಿಭಾರದಿಂದ ನಾರುಗಳು ದೊಡ್ಡ ಪ್ರಮಾಣದಲ್ಲಿ ಒಡೆದರೆ, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ರಕ್ತಕ್ಕೆ ಸೋರಿ ಮೂತ್ರಪಿಂಡಗಳನ್ನು ಕೆಡಿಸುವ ಅಪಾಯವೂ ಇದೆ. ಬಿಸಿಲಿನಲ್ಲಿ, ನೀರು ಕುಡಿಯದೆ ಎತ್ತಿದರೆ ಆ ಅಪಾಯ ಇನ್ನಷ್ಟು ಹೆಚ್ಚು. ಪಂದ್ಯವನ್ನು ಏರ್ಪಡಿಸುವ ಜಾತ್ರಾ ಸಮಿತಿಗಳು ಬಹುಮಾನದ ಜೊತೆಗೆ ಕೆಲವು ತಿಂಗಳ ತಾಲೀಮಿಗೂ ಖುರಾಕಿಗೂ ಹಣ ತೆಗೆದಿಟ್ಟರೆ, ಹಳೆಯ ಪದ್ಧತಿಯ ಕಳಚಿದ ಅರ್ಧ ಮರಳಿ ಸೇರಿಕೊಳ್ಳುತ್ತದೆ.

ಮಾರುಕಟ್ಟೆಯ ಅಂಗಳದಲ್ಲಿಯಾದರೂ ಒಂದು ಬದಲಾವಣೆ ಆಗಿದೆ. ಹಮಾಲರು ಒಂದು ಕ್ವಿಂಟಲ್ ತೂಕದ ಜೋಳದ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿಗೆ ಹಲಗೆ ಹತ್ತುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಒಬ್ಬ ವಯಸ್ಕ ಗಂಡಾಳು ಕೈಯಿಂದ ಸಾಗಿಸುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತು, ಮತ್ತು ಧಾನ್ಯ ತುಂಬುವ ಗೋಣಿಚೀಲದ ಪ್ರಮಾಣ ಈಗ 50 ಕಿಲೋಗೆ ಇಳಿದಿದೆ. ಜಾತ್ರೆಯ ಪಂದ್ಯದಲ್ಲಿ ಮಾತ್ರ ಅನೇಕ ಕಡೆ ಚೀಲದ ತೂಕ ಇಂದಿಗೂ ಹಳೆಯ ಕ್ವಿಂಟಲ್ಲೇ.